ಮೂರೇ ತಿಂಗಳಿಗೆ ಕೆಲಸ ಬಿಟ್ಟಿದ್ದಲ್ವಾ, ಸೇಜಿಗೆ ಇನ್ನೊಂದು ಯಾಕೆ ಸಿಗಲ್ಲ?

2010ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜಪಾನಿನ ಫುಜಿ ಟಿವಿಯಲ್ಲಿ ಬಂದ ಹತ್ತು ಕಂತಿನ ಧಾರಾವಾಹಿ ‘ಫುರೀತಾ, ಇಯೆ ಓ ಕೌ’ ನೋಡಿದವರೆಲ್ಲ ಕೇಳುವ ಪ್ರಶ್ನೆ ಇದು. ಹೆಸರಿನ ಅರ್ಥ ‘ಫ್ರೀಟರ್ ಮನೆ ಕೊಳ್ಳುತ್ತಾನೆ’ ಅಂತ. ಕಾಯಂ ನೌಕರಿ ಇಲ್ಲದೆ ಗಂಟೆ ಲೆಕ್ಕದ ಕೆಲಸದಲ್ಲೇ ದಿನ ದೂಡುವ ಹುಡುಗ ಹುಡುಗಿಯರಿಗೆ ಅಲ್ಲಿ ಫ್ರೀಟರ್ ಅನ್ನುತ್ತಾರೆ. ನಟ ನಿನೊಮಿಯಾ ಕಜುನಾರಿ ಮಾಡಿರುವ ತಾಕೆ ಸೇಜಿ ಡಿಗ್ರಿ ಮುಗಿಸಿ ಸೇರಿದ ಮೊದಲ ಕಂಪನಿಯನ್ನೇ ಮೂರು ತಿಂಗಳಿಗೆ ಬಿಟ್ಟು ಮನೆಗೆ ಬರುತ್ತಾನೆ. ಅತ್ತ ಅಕ್ಕಪಕ್ಕದವರ ಕಿರುಕುಳಕ್ಕೆ ತಾಯಿ ಖಿನ್ನತೆಗೆ ಬಿದ್ದಿರುತ್ತಾಳೆ. ಅವಳನ್ನು ಅಲ್ಲಿಂದ ಬಿಡಿಸಬೇಕು, ಅದಕ್ಕೆ ಮನೆ ಬೇಕು.

ಹುಡುಗ ಸೋಮಾರಿ, ಅದಕ್ಕೇ ಸಿಗಲ್ಲ ಅನ್ನುವವರಿದ್ದಾರೆ. ಸೋಮಾರಿತನ ಇಲ್ಲವೆಂದಲ್ಲ, ಆದರೆ ಕಾರಣ ಅದಲ್ಲ.

ಜಪಾನಿನ ಕಂಪನಿಗಳು ಹೊಸಬರನ್ನು ಹೆಚ್ಚಾಗಿ ವರ್ಷಕ್ಕೊಂದೇ ಸಲ, ಏಪ್ರಿಲ್ 1ಕ್ಕೆ, ಕಾಲೇಜಿನಿಂದ ನೇರವಾಗಿ ತಗೊಳ್ಳುತ್ತವೆ. ಇದಕ್ಕೆ ‘ಶಿನ್‌ಸೊತ್ಸು’ ನೇಮಕ ಅನ್ನುತ್ತಾರೆ. ನಮ್ಮ ಕ್ಯಾಂಪಸ್ ಸೆಲೆಕ್ಷನ್ ಥರವೇ ಕಾಣುತ್ತದೆ. ಆದರೆ ನಮ್ಮಲ್ಲಿ ಅದು ಕೈತಪ್ಪಿದರೆ ವಾಕ್-ಇನ್, ರೆಫರಲ್ ಅಂತ ಬೇರೆ ದಾರಿಗಳಿವೆ. ಅಲ್ಲಿ ಒಮ್ಮೆ ಸೇರಿ ಹೊರಬಂದವನನ್ನು ಅನುಭವಸ್ಥರ ಸಾಲಿಗೆ ತಳ್ಳುತ್ತಾರೆ. ಆ ಸಾಲಿನಲ್ಲಿ ಮೂರು ತಿಂಗಳನ್ನು ಅನುಭವವೆಂದು ಯಾರೂ ಎಣಿಸಲ್ಲ. ಡಿಗ್ರಿ ಮುಗಿಸಿದವರಲ್ಲಿ ಸುಮಾರು ಶೇ. 30 ಮಂದಿ ಮೂರು ವರ್ಷದೊಳಗೆ ಮೊದಲ ಕೆಲಸ ಬಿಡುತ್ತಾರೆ, ಹಾಗಾಗಿ ಬಿಟ್ಟಿದ್ದೇ ದೊಡ್ಡ ಅಪರಾಧವೇನಲ್ಲ. ಇಷ್ಟು ಬೇಗ ಬಿಟ್ಟಿದ್ದು ಅಪರಾಧ. ಪದವಿ ಮುಗಿದು ಮೂರು ವರ್ಷದವರೆಗಿನವರನ್ನೂ ಹೊಸಬರ ಜತೆ ಪರಿಗಣಿಸಿ ಎಂದು ಸರ್ಕಾರ ಕಂಪನಿಗಳಿಗೆ ಮಾರ್ಗಸೂಚಿ ಕೊಟ್ಟಿದ್ದು 2010ರ ನವೆಂಬರ್‌ನಲ್ಲಿ, ಈ ಧಾರಾವಾಹಿ ಇನ್ನೂ ನಡೆಯುತ್ತಿರುವಾಗಲೇ!

ಇನ್ನು ‘ರಿರೆಕಿಶೊ’, ಅಂದರೆ ಅಲ್ಲಿನ ಬಯೋಡೇಟಾ. ಅಂಗಡಿಯಲ್ಲಿ ಸಿಗುವ ಅಚ್ಚಾದ ಫಾರಂ, ಆಗ ಹೆಚ್ಚಾಗಿ ಕಪ್ಪು ಪೆನ್ನಿನಲ್ಲಿ ಕೈಯಾರೆ ತುಂಬಬೇಕಿತ್ತು. 4×3 ಸೆಂಟಿಮೀಟರ್ ಫೋಟೊ, ಈಚೆಗೆ ತೆಗೆಸಿದ್ದೇ ಆಗಬೇಕು. ಒಂದಕ್ಷರ ತಪ್ಪಿದರೆ ವೈಟ್‌ನರ್ ಹಚ್ಚುವಂತಿರಲಿಲ್ಲ, ಹೊಸ ಹಾಳೆಯಲ್ಲಿ ಮೊದಲಿಂದ ಬರೆಯಬೇಕಿತ್ತು. ಕೆಲಸದ ವಿವರದಲ್ಲಿ ಸೇರಿದ ವರ್ಷ, ತಿಂಗಳು. ಅದರ ಕೆಳಗಿನ ಸಾಲಿನಲ್ಲೇ ಬಿಟ್ಟ ವರ್ಷ, ತಿಂಗಳು. ಪಕ್ಕದಲ್ಲಿ ‘ಸ್ವಂತ ಕಾರಣದಿಂದ ರಾಜೀನಾಮೆ’ ಎಂಬ ಸಿದ್ಧ ವಾಕ್ಯ. ಹಾಗೆ ಏಪ್ರಿಲ್ ಮತ್ತು ಜುಲೈ ಒಂದರ ಕೆಳಗೊಂದು ಕೂತರೆ ಸಂದರ್ಶನ ಮಾಡುವವನ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಯಾಕೆ ಬಿಟ್ರಿ? ಸೇಜಿಯ ಹತ್ತಿರ ಇದಕ್ಕೊಂದು ನೆಟ್ಟಗಿನ ಉತ್ತರವಿಲ್ಲ.

ನಿರುದ್ಯೋಗ ವಿಮೆ ಇಲ್ವಾ ಅಂತಲೂ ಕೇಳುತ್ತಾರೆ. ತಾನಾಗಿ ಬಿಟ್ಟವನಿಗೆ ಅದು ಸಿಗಬೇಕಾದರೆ ಸಾಮಾನ್ಯವಾಗಿ ಹಿಂದಿನ ಎರಡು ವರ್ಷದಲ್ಲಿ 12 ತಿಂಗಳಾದರೂ ವಿಮೆ ಕಟ್ಟಿರಬೇಕು. ಮೂರು ತಿಂಗಳಿಗೆ ಒಂದು ಯೆನ್ನೂ ಇಲ್ಲ.

ಹಾಗಾದರೆ ಗಂಟೆ ಲೆಕ್ಕದಲ್ಲೇ ದುಡಿದು ಕೂಡಿಡಲಿ ಅಂದರೆ, ಲೆಕ್ಕ ಹಾಕಿ ನೋಡಿ. ಆಗ ಟೋಕಿಯೋದಲ್ಲಿ ಕನಿಷ್ಠ ಕೂಲಿ ಗಂಟೆಗೆ 821 ಯೆನ್. ದಿನಕ್ಕೆ 8 ಗಂಟೆಯಂತೆ 20 ದಿನಕ್ಕೆ 1,31,360. ಅದರಲ್ಲಿ ಅರ್ಧ ಉಳಿಸಿದರೂ ಮನೆಯ ಮುಂಗಡಕ್ಕೆ 10 ಲಕ್ಷ ಯೆನ್ ಆಗಲು ಒಂದೂಕಾಲು ವರ್ಷ ದಾಟುತ್ತದೆ. ರಸ್ತೆ, ಕಟ್ಟಡದ ಮೈಮುರಿಯುವ ಕೆಲಸಕ್ಕೆ ಅವನು ಇಳಿಯುವುದು ಕೂಲಿ ಜಾಸ್ತಿ ಅಂತ. ಇಂಥ ಕೆಲಸ ರಾತ್ರಿ ಪಾಳಿಯಲ್ಲಿದ್ದರೆ 10ರಿಂದ ಬೆಳಗಿನ 5ರವರೆಗೆ ಶೇ. 25 ಹೆಚ್ಚು ಕೊಡಬೇಕೆಂದು ಕಾನೂನೇ ಇದೆ.

ಮುಂಗಡದ ದುಡ್ಡು ಹೊಂದಿತು ಅಂತಲೇ ಇಟ್ಟುಕೊಳ್ಳಿ, ಉಳಿದದ್ದಕ್ಕೆ ಸಾಲ ಬೇಕಲ್ಲ. ಬ್ಯಾಂಕಿನವರು ಸಂಬಳದ ಜತೆಗೆ ನೌಕರಿ ಕಾಯಮ್ಮಾ, ಸೇರಿ ಎಷ್ಟು ವರ್ಷವಾಯಿತು ಅಂತಲೂ ನೋಡುತ್ತಾರೆ. 35 ವರ್ಷದ ಕಂತನ್ನು ಗಂಟೆ ಲೆಕ್ಕದವನ ಮೇಲೆ ನಂಬಿ ಯಾರು ಬಿಡುತ್ತಾರೆ? ಧಾರಾವಾಹಿಯ ಹೆಸರಿನಲ್ಲಿರುವ ತಮಾಷೆಯೇ ಅದು: ಫ್ರೀಟರ್ ಆಗಿರುವವರೆಗೂ ಅವನು ಮನೆ ಕೊಳ್ಳಲಾರ. ಕೊನೆಗೆ ಅವನನ್ನು ಕಾಯಂ ಮಾಡಿಕೊಳ್ಳುವುದು, ಅವನು ಮಣ್ಣು ಹೊತ್ತ ಆ ಕಟ್ಟಡ ಕಂಪನಿಯೇ. ಅಲ್ಲಿ ಯಾರೂ ಅವನ ರಿರೆಕಿಶೊ ನೋಡಿ ಅಳೆಯಬೇಕಾಗಿರಲಿಲ್ಲ. ಸಲಿಕೆ ಹಿಡಿದದ್ದನ್ನು ದಿನಾ ನೋಡಿದ್ದರು.