ಯುಗಾದಿಗೆ ಕುಡಿಯುವ ಬೇವು

ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಯುಗಾದಿ ಬೇವು ಅಂದರೆ ವಾಟಗದಲ್ಲಿ (ಸಣ್ಣ ಬಟ್ಟಲಲ್ಲಿ) ಕುಡಿಯುವಂಥದ್ದು. ಬೆಂಗಳೂರು ಕಡೆಯ ಒಣ ಬೇವು-ಬೆಲ್ಲ ತಿಂದವರಿಗೆ ಇದು ಪಾನಕದಂತೆ ಕಾಣುತ್ತದೆ.

ಬೇವಿನ ಹೂವು ಹಬ್ಬದ ಬೆಳಿಗ್ಗೆಯೇ ತರಬೇಕು. ಕೆಳಗೆ ಬಟ್ಟೆ ಹಾಸಿ ಗೊಂಚಲು ಝಾಡಿಸಿ, ಮೊರದಲ್ಲಿ ಕೇರಿದರೆ ಕಡ್ಡಿ ಬೇರೆಯಾಗುತ್ತದೆ. ಈ ಕೆಲಸ ಮಕ್ಕಳಿಗೇ ಬಿಡಿ.

ಆರು ಮಂದಿಗೆ ನಿಂಬೆ ಗಾತ್ರದ ಹುಣಸೆಹಣ್ಣು ನೆನೆಸಿ ಹಿಂಡಿ. ಒಂದು ಬಟ್ಟಲು ಬೆಲ್ಲ ಕರಗಿಸಿ ಸೋಸಿ; ಸೋಸದಿದ್ದರೆ ತಳದಲ್ಲಿ ಉಸುಕು ಸಿಗುವುದು ಖಂಡಿತ. ಎರಡನ್ನೂ ಸೇರಿಸಿ ಐದು ಲೋಟ ನೀರು ಹಾಕಿ. ಅರ್ಧ ಬಟ್ಟಲು ಪುಠಾಣಿ (ಹುರಿಗಡಲೆ) ಹಿಟ್ಟನ್ನು ನೇರವಾಗಿ ಸುರಿಯಬೇಡಿ, ಗಂಟಾಗುತ್ತದೆ. ಸ್ವಲ್ಪ ನೀರಲ್ಲಿ ಕಲಸಿ ತೆಳ್ಳಗೆ ಮಾಡಿಕೊಂಡು ಆಮೇಲೆ ಬೆರೆಸಿ. ತುರಿದ ಮಾವಿನಕಾಯಿ, ಒಣಕೊಬ್ಬರಿ, ಗಸಗಸೆ, ದ್ರಾಕ್ಷಿ, ಗೋಡಂಬಿ, ಏಲಕ್ಕಿ ನಿಮ್ಮ ಕೈಯಳತೆ. ಹೂವು ಮಾತ್ರ ಎರಡೇ ಚಮಚ, ಕೊನೆಗೆ, ಜಜ್ಜದೆ. ಜಜ್ಜಿದರೆ ಕಹಿಯೊಂದೇ ಉಳಿಯುತ್ತದೆ.

ಹಿತ್ತಾಳೆ, ತಾಮ್ರದ ಪಾತ್ರೆ ಬೇಡ, ಹುಳಿ ಹತ್ತುತ್ತದೆ. ಮಣ್ಣಿನ ಹೊಸ ಮಗಿ ಉತ್ತಮ, ಸ್ಟೀಲೂ ನಡೆಯುತ್ತದೆ. ಹಿಟ್ಟು ತಳಕ್ಕಿಳಿಯುವುದರಿಂದ ಪ್ರತಿ ಸಲ ಕದಡಿ ಹಾಕಿ.

ಅನ್ನ ತಿನ್ನಲು ಶುರುಮಾಡಿದ ಕೂಸಿಗೆ ಇದು ಮೊದಲ ಬೇವಾದರೆ ಬೆರಳ ತುದಿಯಷ್ಟು ನಾಲಿಗೆಗೆ ಮುಟ್ಟಿಸಿದರೆ ಸಾಕು. ಗೋಡಂಬಿ, ದ್ರಾಕ್ಷಿ ಗಂಟಲಿಗೆ ಸಿಗುತ್ತವೆ, ಕೊಡಬಾರದು. ಮುಖ ಕಿವುಚುವ ಫೋಟೋ ಹೇಗೂ ಎಲ್ಲರೂ ತೆಗೆಯುತ್ತಾರೆ. ಶಾಲೆಗೆ ಹೋಗುವವರು ಪೂರ್ತಿ ವಾಟಗ ಮುಗಿಸಲಿ. ಈ ಬಿಸಿಲಿಗೆ ಸಂಜೆಯೊಳಗೆ ಹುಳಿ ಬರುತ್ತದೆ, ಆದ್ದರಿಂದ ಮಧ್ಯಾಹ್ನ ಶ್ಯಾವಿಗೆ ಊಟದ ಹೊತ್ತಿಗೆ ಮಗಿ ಖಾಲಿ ಮಾಡಿ.