ಸಾರು ಬೇಕು, ಪಲ್ಯ ಬೇಡ

ಮಂಡ್ಯದ ಹುಡುಗರ ಹಾಸ್ಟೆಲೊಂದರಲ್ಲಿ ಅಂದು ಬಸ್ಸಾರು. ಹೆಸರುಕಾಳು, ಬೀನ್ಸು ಬೇಯಿಸಿ ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಹುಟ್ಟಿದ್ದು ಒಂದೇ ಪಾತ್ರೆಯಲ್ಲಿ. ಆದರೂ ಮುದ್ದೆ ಜೊತೆ ಸಾರು ಎರಡೆರಡು ಸಲ ಹೋಯಿತು, ಪಲ್ಯ ತಟ್ಟೆಯಂಚಿನಲ್ಲೇ ಉಳಿಯಿತು.

ಕಾರಣ ಸಾಲಿನಲ್ಲೇ ಕಾಣುತ್ತಿತ್ತು. ಬಡಿಸುವವರು "ಪಲ್ಯ ಬೇಕಾ?" ಅಂದರು. ಮುಂದಿದ್ದವನು "ಬ್ಯಾಡ ಕಣಣ್ಣ" ಅಂದ. ಹಿಂದಿದ್ದ ನಾಲ್ವರೂ ಪಲ್ಯದ ಕಡೆ ನೋಡದೆ ತಟ್ಟೆ ಸರಿಸಿಕೊಂಡು ಹೋದರು. ಗೆಳೆಯ ಬೇಡವೆಂದದ್ದನ್ನು ಕೇಳಿ ಹಾಕಿಸಿಕೊಳ್ಳಲು ಹದಿನೆಂಟರ ವಯಸ್ಸಿಗೆ ಸ್ವಲ್ಪ ಧೈರ್ಯ ಬೇಕು. "ಒಂದು ಸೌಟಾ, ಅರ್ಧ ಸೌಟಾ?" ಎಂದು ಕೇಳಿದ್ದರೆ ಮಾತೇ ಬೇರೆ. ಪಲ್ಯದ ಪಾತ್ರೆ ಸಾಲಿನ ಕೊನೆಯಲ್ಲಿತ್ತು, ಅದು ಇನ್ನೊಂದು ತಪ್ಪು. ತಟ್ಟೆ ಖಾಲಿ, ಹೊಟ್ಟೆಯೂ ಖಾಲಿ ಇರುವಾಗಲೇ ಅದು ಎದುರಾಗಬೇಕು.

ಬಣ್ಣವೂ ಕೈಕೊಟ್ಟಿತ್ತು. ಹನ್ನೊಂದಕ್ಕೇ ಬೆಂದು ಮುಚ್ಚಳದಡಿ ಕೂತ ಬೀನ್ಸು ಒಂದು ಗಂಟೆಗೆ ಖಾಕಿಯಾಗಿತ್ತು: ಬಿಸಿಗೆ ಬೀನ್ಸಿನೊಳಗಿನ ಹುಳಿ ಸೇರಿ, ಹಸಿರು ಬಣ್ಣ ಕೊಡುವ ಪತ್ರಹರಿತ್ತಿನ ಮೆಗ್ನೀಸಿಯಂ ಕಳಚುತ್ತದೆ, ಹಸಿರು ಮಂಕಾಗುತ್ತದೆ. ಕಾಳು ಮುಕ್ಕಾಲು ಬೆಂದ ಮೇಲೆ ಬೀನ್ಸು ಹಾಕಿ, ಮುಚ್ಚದೆ ಏಳೆಂಟು ನಿಮಿಷ ಬೇಯಿಸಿ, ಬಸಿದ ಕೂಡಲೇ ಅಗಲ ತಟ್ಟೆಗೆ ಹರಡಬೇಕು. 120 ಜನಕ್ಕೆ ತಲೆಗೆ 75 ಗ್ರಾಂನಂತೆ 9 ಕೆಜಿ ಹಸಿ ಬೀನ್ಸು. ಒಗ್ಗರಣೆ ಎರಡು ಕಂತಿನಲ್ಲಿ, ಕಾಯಿತುರಿ ಕಡೆಗೆ.

ತರಕಾರಿ ತಿನ್ನಿ ಎನ್ನುವ ಗೋಡೆಯ ಪೋಸ್ಟರಿಗೆ ಮಾತ್ರ ಯಾರೂ ತಲೆ ಎತ್ತಲಿಲ್ಲ. ತರಕಾರಿ ಒಳ್ಳೆಯದೆಂದು ಹುಡುಗರಿಗೆ ಗೊತ್ತು. ಇಲ್ಲದಿರುವುದು ತನ್ನಿಂದ ಆಗುತ್ತದೆಂಬ ನಂಬಿಕೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಮುಂದಿಟ್ಟ ವಿಚಾರವೂ ಇದೇ. ಆ ನಂಬಿಕೆಗೆ ಅತಿ ಗಟ್ಟಿ ಬುನಾದಿ ಒಮ್ಮೆ ಮಾಡಿ ಗೆದ್ದ ಅನುಭವ ಎಂದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ ದಿನಕ್ಕೆ 400 ಗ್ರಾಂ ತರಕಾರಿಯನ್ನು ಮೊದಲ ದಿನವೇ ಮುಂದಿಟ್ಟರೆ ಹುಡುಗ ಸೋತೇ ಶುರು ಮಾಡುತ್ತಾನೆ. "ಮಧ್ಯಾಹ್ನ ಮುದ್ದೆ ಮುರಿಯುವ ಮುಂಚೆ ಎರಡು ಚಮಚ ಪಲ್ಯ" ಅಂದರೆ ಹೊತ್ತು, ಅಳತೆ ಎರಡೂ ಗೊತ್ತಾಗುತ್ತವೆ.

ಬದಲಾಯಿತೇ ಎಂದು ಹುಡುಗರನ್ನು ಕೇಳಬಾರದು, ಎಲ್ಲರೂ ತಿಂದೆ ಅಂತಾರೆ. ಎಂಜಲು ಬಕೆಟ್ಟಿನ ಪಲ್ಯ ಬೇರೆ ಮಾಡಿ ತೂಗಿ, ಉಂಡವರ ಸಂಖ್ಯೆಯಿಂದ ಭಾಗಿಸಿ. ಬೀನ್ಸಿನ ದಿನವನ್ನು ಬೀನ್ಸಿನ ದಿನದ ಜೊತೆಗೇ ಹೋಲಿಸಬೇಕು. ಆಲೂಗಡ್ಡೆ ಪಲ್ಯದ ದಿನ ಬಕೆಟ್ಟು ಹೇಗೂ ಖಾಲಿ.