ಲಸಿಕೆಗೂ ಮೊದಲಿನ ಲೆಕ್ಕ

ಮಕ್ಕಳಿಗೆ ವಾಂತಿಭೇದಿ ತರುವ ರೋಟಾವೈರಸ್ಸಿಗೆ ಲಸಿಕೆ ಬರುವ ಮುನ್ನ ಚಳಿಗಾಲದ ತಿಂಗಳುಗಳಲ್ಲಿ ಹುಬ್ಬಳ್ಳಿಯ ಮಕ್ಕಳ ವಾರ್ಡುಗಳಲ್ಲಿ ವಾಂತಿಭೇದಿಯಿಂದ ಕಣ್ಣು ಗುಳಿಬಿದ್ದ ಕೂಸುಗಳು ಸಾಲಾಗಿ ಮಲಗಿರುತ್ತಿದ್ದವು. ಕುಂದಗೋಳ, ನವಲಗುಂದ, ಶಿಗ್ಗಾವಿ ಕಡೆಯಿಂದ ಬಂದ ತಾಯಂದಿರು ‘ಹಲ್ಲು ಬರಾಕತ್ತಾವ್ರಿ, ಅದಕ್ಕ ಹೊಟ್ಟಿ ಕೆಟ್ಟೈತಿ’ ಎನ್ನುತ್ತಿದ್ದರು, ಈಗಲೂ ಎನ್ನುತ್ತಾರೆ. ಹಲ್ಲು ಮೂಡುವ ವಯಸ್ಸೇ ರೋಟಾವೈರಸ್ ಜೋರಾಗಿ ಕಾಡುವ ವಯಸ್ಸೂ ಆಗಿರುವುದರಿಂದ ಈ ನಂಬಿಕೆಯನ್ನು ಅಲುಗಾಡಿಸುವುದು ಕಷ್ಟ. ಆಗ ದೇಶದ ಆಸ್ಪತ್ರೆಗಳಲ್ಲಿ ಭೇದಿಗೆಂದು ದಾಖಲಾಗುತ್ತಿದ್ದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 40ರ ಆಸುಪಾಸಿನಷ್ಟು ಮಂದಿಯಲ್ಲಿ ಸಿಗುತ್ತಿದ್ದದ್ದು ಈ ಒಂದೇ ವೈರಸ್.

2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾದ ಉಚಿತ ರೋಟಾ ಲಸಿಕೆ 2019ರಲ್ಲಿ ನಮ್ಮ ರಾಜ್ಯಕ್ಕೂ ಬಂತು. 6, 10 ಮತ್ತು 14ನೇ ವಾರದಲ್ಲಿ ಅದನ್ನು ಮಗುವಿನ ಬಾಯಿಗೆ ಹಾಕುತ್ತಾರೆ. ಅದಕ್ಕೂ ಮೊದಲು ಊರಿನಲ್ಲಿ ಈ ವೈರಸ್ಸಿನ ಯಾವ ತಳಿಗಳು ಓಡಾಡುತ್ತಿದ್ದವು ಎಂದು ಕೇಳುವವರು ಕಡಿಮೆ. ಸೂಕ್ಷ್ಮಜೀವಿಶಾಸ್ತ್ರ ಕಲಿಸುವ ನನಗೆ ಆ ದಾಖಲೆಯೇ ಬಹಳ ಅಮೂಲ್ಯವೆನಿಸುತ್ತದೆ, ಏಕೆಂದರೆ ಮಾದರಿಗಳನ್ನು ಆಗಲೇ ತೆಗೆದಿಡದಿದ್ದರೆ ಆಮೇಲೆ ಎಷ್ಟು ಹಣ ಸುರಿದರೂ ಅದು ಸಿಗದು.

ವೈರಸ್ಸಿನ ಹೊರಕವಚದ ಎರಡು ಪ್ರೋಟೀನುಗಳನ್ನು ಆಧರಿಸಿ ತಳಿಗೆ ಜಿ ಮತ್ತು ಪಿ ಸಂಖ್ಯೆ ಕೊಡುತ್ತಾರೆ: ಜಿ1ಪಿ8, ಜಿ2ಪಿ4, ಹೀಗೆ. ವೈರಸ್ಸಿನ ವಂಶವಾಹಿ ವಸ್ತುವಾದ ಆರ್‌ಎನ್‌ಎ 11 ತುಂಡುಗಳಲ್ಲಿರುವುದರಿಂದ, ಎರಡು ತಳಿಗಳು ಒಂದೇ ಕರುಳಿನಲ್ಲಿ ಸೇರಿದಾಗ ತುಂಡುಗಳು ಅದಲುಬದಲಾಗಿ ಹೊಸ ತಳಿ ಹುಟ್ಟಬಹುದು. ಬೆಂಗಳೂರಿನ ನವಜಾತ ಶಿಶುಗಳಲ್ಲಿ ಸಿಕ್ಕಿದ, ಭಾರತೀಯ ವಿಜ್ಞಾನ ಸಂಸ್ಥೆಯ ದುರ್ಗಾ ರಾವ್ ಅವರ ತಂಡ ಅಧ್ಯಯನ ಮಾಡಿದ ಐ321 ಎಂಬ ತಳಿಯ ಹೊರಕವಚದ ಪ್ರೋಟೀನುಗಳು ದನಗಳ ರೋಟಾವೈರಸ್ಸಿನವನ್ನೇ ಹೋಲುತ್ತಿದ್ದವು. ಮನೆಗೆ ಹೊಂದಿಕೊಂಡೇ ಕೊಟ್ಟಿಗೆಯಿರುವ ಹಾವೇರಿ ಜಿಲ್ಲೆಯ ಹಳ್ಳಿಗಳ ಮಾದರಿಗಳನ್ನೂ ನೋಡಬೇಕೆಂದು ನಾನು ಹೇಳುವುದು ಅದಕ್ಕೇ.

ಬ್ರೆಜಿಲ್‌ನಲ್ಲಿ 2006ರಲ್ಲಿ ಜಿ1ಪಿ8 ತಳಿಯಿಂದ ಮಾಡಿದ ಲಸಿಕೆ ಶುರುವಾದ ಬೆನ್ನಲ್ಲೇ ಜಿ2ಪಿ4 ತಳಿ ಮೇಲೆದ್ದಿತು. ಲಸಿಕೆಯೇ ಅದಕ್ಕೆ ದಾರಿ ಮಾಡಿಕೊಟ್ಟಿತೇ ಎಂಬ ಆತಂಕ ಹುಟ್ಟಿತು. ಆದರೆ ಆಗಿನ್ನೂ ಎಲ್ಲ ಮಕ್ಕಳಿಗೆ ಲಸಿಕೆ ಹಾಕದಿದ್ದ ಅರ್ಜೆಂಟೀನಾ, ಪರಾಗ್ವೆಗಳಲ್ಲೂ ಅದೇ ತಳಿ ಹೆಚ್ಚಿತ್ತು. ತಳಿಗಳು ತಾವಾಗಿಯೇ ಏರಿಳಿಯುತ್ತವೆ. ಹಲವು ವರ್ಷಗಳ ಹಳೆಯ ಲೆಕ್ಕ ಕೈಯಲ್ಲಿಲ್ಲದವರು ಸಹಜ ಏರಿಳಿತವನ್ನು ಲಸಿಕೆಯ ತಲೆಗೆ ಕಟ್ಟುತ್ತಾರೆ, ಇಲ್ಲವೇ ನಿಜವಾದ ಬದಲಾವಣೆಯನ್ನು ಗುರುತಿಸದೆ ಬಿಡುತ್ತಾರೆ.

ಈ ಲೆಕ್ಕ ಶುರುವಾಗುವುದು ಡೈಪರ್‌ನಿಂದ. ನೀರಿನಂಥ ಭೇದಿಯನ್ನು ಡೈಪರ್ ಕೂಡಲೇ ಹೀರಿಕೊಳ್ಳುವುದರಿಂದ ಅದನ್ನು ತಿರುವಿ, ಪ್ಲಾಸ್ಟಿಕ್ ಮಗ್ಗುಲು ಮಗುವಿನ ಮೈಗೆ ಬರುವಂತೆ ಕಟ್ಟಿದರೆ ಕೆಲವು ಮಿಲಿಲೀಟರ್ ಮಾದರಿ ಉಳಿಯುತ್ತದೆ. ಸಲೈನ್ ಹಚ್ಚಿಸಿಕೊಂಡು ಅಳುವ ಕೂಸಿಗೆ ಹೀಗೆ ಮಾಡಲು ಒಪ್ಪುವ ತಾಯಿ, ಶೀಶೆಯ ಮೇಲೆ ವಯಸ್ಸು, ಊರು, ತಾರೀಕನ್ನು ತಪ್ಪದೆ ಬರೆಯುವ ಸಿಸ್ಟರ್, ಇವರಿಬ್ಬರಿಲ್ಲದೆ ಮುಂದಿನದೇನೂ ನಡೆಯದು. ಆಮೇಲೆ ಎಲೈಸಾ ಎಂಬ ಪರೀಕ್ಷೆಯಲ್ಲಿ ವೈರಸ್ ಪತ್ತೆಯಾದರೆ ಪಿಸಿಆರ್‌ನಿಂದ ತಳಿ ಗುರುತಿಸುತ್ತಾರೆ. ಉಳಿದ ಮಾದರಿ ಮೈನಸ್ 70 ಡಿಗ್ರಿಯ ಫ್ರೀಜರಿಗೆ ಹೋಗುತ್ತದೆ.

ರೋಟಾವೈರಸ್ಸಿನ ಮಟ್ಟಿಗೆ ನಮ್ಮ ಭಾಗದಲ್ಲಿ ಲಸಿಕೆಗೂ ಮೊದಲಿನ ಆ ಕಾಲ ಮುಗಿದಿದೆ, ವಾಂತಿಭೇದಿ ತರುವ ಇನ್ನೊಂದು ವೈರಸ್ ಆದ ನೊರೊವೈರಸ್ಸಿನ ಮಟ್ಟಿಗೆ ಮುಗಿದಿಲ್ಲ. ರೋಟಾ ಲಸಿಕೆ ನೆಲೆಯೂರಿದ ಅಮೆರಿಕದಲ್ಲಿ ಮಕ್ಕಳನ್ನು ಆಸ್ಪತ್ರೆಗೆ ತರುವ ವಾಂತಿಭೇದಿಗೆ ನೊರೊವೈರಸ್ಸೇ ಪ್ರಮುಖ ಕಾರಣವಾಗಿದೆ. ಅದರ ಲಸಿಕೆಗಳು ಪ್ರಯೋಗದ ಹಂತದಲ್ಲಿವೆ. ಹುಬ್ಬಳ್ಳಿ, ಗದಗ, ಹಾವೇರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅವು ಒಂದೇ ಪದ್ಧತಿಯಲ್ಲಿ, ಒಂದು ಚಳಿಗಾಲಕ್ಕೆ ನಿಲ್ಲಿಸದೆ ಮೂರ್ನಾಲ್ಕು ವರ್ಷ ಸತತವಾಗಿ ಮಾದರಿ ಸಂಗ್ರಹಿಸಿ, ನೊರೊವೈರಸ್ಸಿನ ತಳಿಗಳನ್ನು ಈಗಿನಿಂದಲೇ ದಾಖಲಿಸಬೇಕು.